ಗಾಳಿಯೊಳಗಿನ ಕರೆಂಟು

ಏನೋ ಹೊಳೆಯಿತು, ಓಡಿ ಬರುತ್ತಿರುವವನ ಬಲಗೈಯಲ್ಲಿ, ಬಿಸಿಲಿಗೆ ಒಮ್ಮೆ ಬೆಳ್ಳಗೆ ಮಿಂಚಿ ಆರಿ ಮತ್ತೆ ಮಿಂಚಿತು — ಬಳೆಯಲ್ಲ, ಕನ್ನಡಿಯಲ್ಲ, ಫೋನು, ಫೋನೇ ಅದು, ಕಿವಿಯ ಹತ್ತಿರ ಹೋಗಿ ಬರುತ್ತಿದೆ, ಮಾತಾಡುತ್ತಲೇ ಓಡಿ ಬರುತ್ತಿದ್ದಾನೆ ಪುಣ್ಯಾತ್ಮ, ಕೆಂಪು ಬಾವುಟ ದಾಟಿ ಹೇಗೆ ಬಂದ, ಬಾವುಟ ಹಿಡಿದಿದ್ದ ಮಾರಯ್ಯ ಎಲ್ಲಿ, ಮಾರಯ್ಯ ಅವನ ಹಿಂದೆಯೇ ಓಡುತ್ತಿದ್ದಾನಲ್ಲ, ಮುದಿ ಕಾಲು ಅವನದು, ಹಿಡಿಯಲಾರ — ಮಾಲಿನಿ ಕೂತಲ್ಲಿಂದ ಎದ್ದಳು. ಅವಳ ಕಾಲ ಬಳಿ ಬಂಡೆಗೆ ಕೊರೆದ ಕುಳಿಗಳೆಲ್ಲ ಮದ್ದು ತುಂಬಿಕೊಂಡು, ಬಾಯಿಗೆ ಮಣ್ಣು ಮೆತ್ತಿಸಿಕೊಂಡು ಸುಮ್ಮನೆ ಕೂತಿವೆ, ಒಂದೊಂದರಿಂದಲೂ ಎರಡೆರಡು ತಂತಿ ಹೊರಬಂದಿವೆ, ಮದ್ದಿಗೆ ಕಿಡಿ ಹಚ್ಚುವ ಕೇಪು ಒಳಗಿದೆ, ಅದರ ಬಾಲಗಳು ಅವು, ಆ ಬಾಲದಲ್ಲಿ ಚಿಟಿಕೆಯಷ್ಟು ಕರೆಂಟು ಹರಿದರೂ ಸಾಕು, ಕೇಪು ಸಿಡಿಯುತ್ತದೆ, ಕೇಪು ಸಿಡಿದರೆ ಮದ್ದು, ಮದ್ದು ಸಿಡಿದರೆ ಬಂಡೆ, ಬಂಡೆಯ ಮೇಲೆ ನಿಂತಿರುವ ತಾನು. ಕಾಮಗೆರೆಗೆ ಕುಡಿಯುವ ನೀರಿನ ಪೈಪು ಬರಲು ಅಡ್ಡ ನಿಂತಿರುವುದು ಈ ಒಂದು ಬಂಡೆ, ಹನೂರಿನಿಂದ ಇಲ್ಲಿಯವರೆಗೆ ಕಾಲುವೆ ತೋಡಿ ಪೈಪು ಹೂತಾಯಿತು, ಇನ್ನು ಇದೊಂದು ಒಡೆದರೆ ಆಯಿತು, ಸಿಡಿಸುವ ಪೆಟ್ಟಿಗೆ ಇನ್ನೂ ತಂತಿಗೆ ತಗುಲಿಲ್ಲ, ಅದರ ಕೀಲಿಕೈ ಅವಳ ಸೆರಗಿನ ಗಂಟಿನಲ್ಲಿದೆ, ಆದರೆ ಕರೆಂಟು ಪೆಟ್ಟಿಗೆಯಿಂದಲೇ ಬರಬೇಕೆಂದೇನೂ ಇಲ್ಲವಲ್ಲ, ಗಾಳಿಯಿಂದಲೂ ಬರುತ್ತದೆ. ಏನ್ ಮೇಡಮ್ಮ, ಗಾಳೀಲಿ ಕರೆಂಟಾ ಅಂತ ನಕ್ಕಿದ್ದರು ಕೆಲಸದವರು ಮೊದಲ ದಿನ, ಅವಳು ಮಾರಯ್ಯನ ಹಳೇ ರೇಡಿಯೋವನ್ನೇ ಎತ್ತಿ ತೋರಿಸಿದ್ದಳು, ಇದ್ರೊಳಗೆ ಮೈಸೂರಿನೋರು ಮಾತಾಡ್ತರಲ್ಲ ಮಾರಯ್ಯ, ಅಲ್ಲಿಂದ ನಿನ್ ಮನೇಗಂಟ ಯಾರಾನ ತಂತಿ ಎಳ್ದವ್ರಾ, ಇಲ್ವಲ್ಲ, ಗಾಳೀಲೇ ಬಂತಲ್ಲ, ರೇಡಿಯೋದ ಕಡ್ಡಿ ಇಡ್ಕಳಂಗೆ ಈ ಕೇಪಿನ ತಂತೀನೂ ಇಡ್ಕತದೆ, ಕಡ್ಡಿ ಇಡ್ಕಂಡ್ರೆ ಪದ ಕೇಳ್ತದೆ, ತಂತಿ ಇಡ್ಕಂಡ್ರೆ — ಆಮೇಲೆ ಯಾರೂ ನಗಲಿಲ್ಲ, ಒಬ್ಬೊಬ್ಬರಾಗಿ ಫೋನು ತೆಗೆದು ಬಾವುಟದ ಆಚೆಯ ಟ್ರಂಕಿನಲ್ಲಿಟ್ಟು ಬಂದರು, ಅವತ್ತಿನಿಂದ ಅದೇ ರೂಢಿ. ಪ್ರತಿ ಜೋಡಿಯ ತುದಿಗಳನ್ನೂ ಅವಳು ತಾನೇ ಒಂದಕ್ಕೊಂದು ಹೊಸೆದು, ಸುರುಳಿ ಸುತ್ತಿ, ನೆಲಕ್ಕೆ ಒತ್ತಿಟ್ಟಿದ್ದಾಳೆ, ಚಾಚಿದ ತಂತಿ ಹೆಚ್ಚು ಹಿಡಿಯುತ್ತದೆ, ಮುದುಡಿದ ತಂತಿ ಕಡಿಮೆ, ಹೊಸೆದದ್ದು ಇನ್ನೂ ಕಡಿಮೆ — ಕಡಿಮೆ ಎಂದರೆ ಇಲ್ಲವೆಂದಲ್ಲ, ಅವನು ಹತ್ತಿರ ಬರುತ್ತಿದ್ದಾನೆ, ಚಪ್ಪಲಿ ಎಲ್ಲೋ ಕಳಚಿದೆ, ಬಾಯಿ ತೆರೆದಿದೆ, ಏನೋ ಕೂಗುತ್ತಿದ್ದಾನೆ.

ಅಪ್ಪನಿಗೂ ಯಾರೋ ಕೂಗಿದ್ದರಂತೆ ಬಾವಿಯ ಮೇಲಿನಿಂದ, ಆದರೆ ಅದು ಆದಮೇಲೆ, ಆಗುವ ಮುಂಚೆ ಯಾರೂ ಕೂಗಲಿಲ್ಲ, ಕೂಗುವುದಕ್ಕೆ ಏನೂ ಇರಲಿಲ್ಲ. ಮಧುವನಹಳ್ಳಿಯ ಕೆಂಪನಂಜಪ್ಪ ಅಂದರೆ ಆಗ ಸುತ್ತಲ ಊರಿನವರಿಗೆಲ್ಲ ಬಾವಿಯ ಕೆಂಪನಂಜಪ್ಪ, ತನ್ನ ಹೊಲದ ಬಾವಿಯನ್ನು ತಾನೇ ಒಡೆದು ನೀರು ಕಂಡವನು, ಆಮೇಲೆ ಕರೆದವರ ಬಾವಿಗೆಲ್ಲ ಇಳಿದ, ಮೊದಮೊದಲು ಬತ್ತಿಯ ಕೇಪು, ಬೆಂಕಿ ಹಚ್ಚಿ ಓಡಿ ಬರುವುದು, ಆಮೇಲೆ ತಂತಿಯ ಕೇಪು ಬಂತು, ಇದು ಬೋ ವಾಸಿ ಕಣಮ್ಮಿ, ದೂರ ಕುಂತು ಗುಂಡಿ ಒತ್ತುದ್ರಾಯ್ತು ಅಂತ ಅವ್ವನಿಗೆ ಹೇಳಿದ್ದನಂತೆ. ಅವತ್ತು ಬ್ಯಾಟರಿ ಮೇಲಿತ್ತು, ಅಪ್ಪ ಕೆಳಗಿದ್ದ, ಕೈಯಲ್ಲಿ ತಂತಿ, ಎರಡು ತುದಿಯೂ ಬಿಚ್ಚಿದ್ದು, ಉದ್ದಕ್ಕೆ ಮೇಲಿನವರೆಗೂ ಎಳೆದದ್ದು, ಒಂದೇ ಒಂದು ಕೇಪು ಇನ್ನೂ ಕುಳಿಗಿಳಿಯದೆ ಎಡಗೈಯಲ್ಲಿ — ಅದೊಂದೇ ಸಿಡಿದದ್ದು ಪುಣ್ಯ, ಎರಡು ಬೆರಳು ಹೋದವು, ಎಡಗಿವಿ ಹೋಯಿತು, ಬ್ಯಾಟರಿಗೆ ಯಾರೂ ಕೈ ಹಚ್ಚಿರಲಿಲ್ಲ. ಬೀಡಿ ಸೇದ್ತಿದ್ದ ಅಂದರು ಊರಿನವರು, ಬೀಡಿಯನ್ನೇ ಮುಟ್ಟದ ಅಪ್ಪನನ್ನು, ಏನೋ ಮೈಮರೆತ ಅಂದರು, ಬಾವಿಯ ಗಂಗಮ್ಮನಿಗೆ ಪೂಜೆ ಬಿಟ್ಟ ಅಂದರು, ಕೊನೆಗೆ ಅಪ್ಪನೂ ಅಂದುಕೊಂಡ, ನನ್ ಕೈಯೇ ಏನೋ ತಪ್ಪು ಮಾಡ್ಬುಡ್ತು, ಆಮೇಲೆ ಯಾರ ಬಾವಿಗೂ ಇಳಿಯಲಿಲ್ಲ, ಊಟಕ್ಕೆ ಕೂತಾಗ ಆ ಕೈಯನ್ನು ಪಂಚೆಯೊಳಗಿಟ್ಟುಕೊಳ್ಳುತ್ತಿದ್ದ, ಬೈಯುವವರ ಹಾಗೆ ಅದನ್ನು ನೋಡುತ್ತಿದ್ದ. ಯಳಂದೂರಿನ ಕಡೆಯ ಕಲ್ಲುಗಣಿಯಲ್ಲಿ ಹಾಜರಿ ಬರೆಯುತ್ತಿದ್ದ ತಾನು ಮದ್ದಿನ ಕೆಲಸದ ಪರೀಕ್ಷೆಗೆ ಕೂರುತ್ತೇನೆ ಅಂದಾಗ ಅವ್ವ ಮಹಾದೇವಮ್ಮ ಅತ್ತಳು, ಅಪ್ಪ ಮಾತ್ರ ಬಸ್ ಹತ್ತಿಸಿ ಬಂದ. ಆ ತರಬೇತಿಯ ಎರಡನೆಯ ದಿನವೋ ಮೂರನೆಯ ದಿನವೋ, ಮಧ್ಯಾಹ್ನದ ನಿದ್ದೆಗಣ್ಣಿನ ಕ್ಲಾಸಿನಲ್ಲಿ, ಮೇಷ್ಟ್ರು ಬೋರ್ಡಿನ ಮೇಲೆ ಒಂದು ಜೀಪು ಬರೆದು, ಅದರ ಮೇಲೊಂದು ಉದ್ದ ಏರಿಯಲ್ ಬರೆದು, ಪಕ್ಕದಲ್ಲಿ ಕೇಪಿನ ತಂತಿ ಬರೆದು, ನಡುವೆ ಅಲೆ ಅಲೆಯಾಗಿ ಗೀಟು ಎಳೆದರು, ವೈರ್‌ಲೆಸ್‌ನಲ್ಲಿ ಮಾತಾಡಲು ಗುಂಡಿ ಒತ್ತಿದಾಗ ಇದು ಹೀಗೆ ಬಂದು ಹೀಗೆ ಹಿಡಿದುಕೊಳ್ಳುತ್ತೆ ಅಂದರು, ಮಾಲಿನಿಯ ನಿದ್ದೆ ಹಾರಿಹೋಯಿತು. ಜೀಪು. ಕೆರೆ ಏರಿಯ ಮೇಲಿನ ಜೀಪು. ಅಪ್ಪ ಆ ದಿನದ ಕಥೆ ಹೇಳುವಾಗಲೆಲ್ಲ ಅದು ಬರುತ್ತಿತ್ತು, ಎಲ್ಲಿಂದಲೋ ಬಂದ ಉದ್ದ ಕಡ್ಡಿಯ ಜೀಪೊಂದು ಬಾವಿಯ ಪಕ್ಕದಲ್ಲೇ ಕೆರೆ ಏರಿಯ ಮೇಲೆ ನಿಂತಿತ್ತು, ನಾ ಬಾವಿಗಿಳಿಯೋವಾಗ ಕಿಟಕೀಲಿ ಒಬ್ಬ ಕೈಲಿ ಏನೋ ಇಡ್ಕಂಡು ಮಾತಾಡ್ತಿದ್ದ, ಗಾಡಿಯೋರು ಇಳ್ದು ಬಂದು ನನ್ನ ಮ್ಯಾಲಕ್ಕೆತ್ತುದ್ರು ಕಣವ್ವ, ಒಳ್ಳೇ ಜನ — ಎಷ್ಟು ಸಲ ಕೇಳಿದ್ದಳು, ಎತ್ತಿದವರ ಕಥೆಯಾಗಿ ಕೇಳಿದ್ದಳು. ಅವತ್ತೇ ರಜೆ ಹಾಕಿ ಊರಿಗೆ ಬಂದು ಅಪ್ಪನ ಬಲಗಿವಿಯ ಪಕ್ಕ ಕೂತು ಎಲ್ಲ ಹೇಳಿದಳು, ಜೀಪು, ಏರಿಯಲ್, ಅಲೆ, ಅಪ್ಪ ಜಗಲಿಯ ಮೇಲೆ ಕಂಬಕ್ಕೊರಗಿಕೊಂಡು ಕೇಳಿದ, ಅಂಗಾದ್ರೆ ಕೈಯ್ದು ತಪ್ಪಿಲ್ಲ ಅನ್ನು ಅಂದ. ಅಂಗೇ ಆಯ್ತು ಅಂತ ಗ್ಯಾರಂಟಿ ಯೇಳಕ್ಕಾಗಲ್ಲ ಅಪ್ಪೊ, ಅಂಗಿರ್ಬೌದು. ಇರ್ಬೌದು ಅಂದ್ಯಲ್ಲ, ಸಾಕು ಬುಡು ಅಂದ. ಆ ರಾತ್ರಿ ಊಟಕ್ಕೆ ಎರಡೂ ಕೈ ಮಣೆಯ ಮುಂದಿದ್ದವು.

ಅಲ್ಲೇ ನಿಂತ್ಕಣ್ಣ, ಒಂದೆಜ್ಜೆ ಮುಂದಕ್ಕೆ ಬರ್ಬ್ಯಾಡ. ಮಾಲಿನಿ ಅಂದದ್ದು ಅಷ್ಟೇ, ಅವಳು ಎರಡೂ ಕೈ ಚಾಚಿ ತಂತಿಗಳಿಗೂ ಅವನಿಗೂ ನಡುವೆ ನಿಂತ ರೀತಿಗೆ ಅವನು ಗಕ್ಕನೆ ನಿಂತ, ಉಬ್ಬಸ ಬಿಡುತ್ತ ಅಂದ, ಮೇಡಮ್ಮ, ನಾನು ಶಿವರಾಜು ಅಂತ, ಅಜ್ಜೀಪುರದ ಆಚ್ಗಡೆ ದೊಡ್ಡಿಯೋನು, ನನ್ನೆಂಡ್ರು ಮೀನಾ ಅಲ್ಲಿ ಆಂಬುಲೆನ್ಸ್‌ನಲ್ಲಿ ನೋವು ತಿಂತಾವ್ಳೆ, ಆಸ್ಪತ್ರೆ ಅಗೋ ಕಾಣ್ತಾ ಅದೆ, ದಾರಿ ಬುಡ್ಸಿ ನಿಮ್ ಕಾಲ್ಗೆ ಬೀಳ್ತೀನಿ. ಮೊದ್ಲು ಆ ಫೋನ್ ತಕೊಂಡೋಗಿ ಮಾರಯ್ಯನ ಕೈಗೆ ಕೊಡು. ಫೋನ್‌ಗೂ ನನ್ನೆಂಡ್ರಿಗೂ ಏನ್ ಮೇಡಮ್ಮ ಸಂಬಂದ. ಅದೆ ಕಣಣ್ಣ, ನಾನು ನಿಂತಿರಾ ಜಾಗ ನೋಡು, ಅದು ಇಲ್ಲಿ ಮಾತಾಡ್ಬಾರ್ದು. ಅವನು ನೆಲ ನೋಡಿದ, ಸುರುಳಿ ಸುರುಳಿ ತಂತಿ ನೋಡಿದ, ಏನು ತಿಳಿಯಿತೋ, ಫೋನನ್ನು ಮೈಯಿಂದ ದೂರ ಹಿಡಿದುಕೊಂಡು, ಕಚ್ಚುವ ಹುಳದಂತೆ ಹಿಡಿದುಕೊಂಡು ಹಿಂದಕ್ಕೆ ನಡೆದ, ಮಾರಯ್ಯ ಅದನ್ನು ಇಸಿದುಕೊಂಡು ಬಾವುಟದ ಕಡೆ ಓಡಿದ. ಹಾಗೆ ನೋಡಿದರೆ ರಸ್ತೆ ಇಲ್ಲೇ ಇದೆ, ಬಂಡೆಯ ಸೊಂಟಕ್ಕೆ ತಗುಲಿಕೊಂಡೇ ಹೋಗುತ್ತದೆ, ಆಂಬುಲೆನ್ಸ್ ಬಂದರೆ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಒಂದು ಉಸಿರಿನಲ್ಲಿ ದಾಟಿಹೋಗುತ್ತದೆ, ಎಲ್ಲರ ಫೋನೂ ಆರಿಸಿದರೆ — ಅಷ್ಟರಲ್ಲಿ ಇಂಜಿನಿಯರ್ ಶಾಂತಮೂರ್ತಿ ಬಾವುಟದ ಕಡೆಯಿಂದ ದಾಪುಗಾಲು ಹಾಕಿ ಬಂದರು, ಡ್ರೈವರ್ ಹತ್ರ ಮಾತಾಡಿದೆ ಮೇಡಂ, ಫೋನು ಆರಿಸ್ತೀನಿ ಅಂತಾನೆ, ಆದರೆ ಗಾಡಿ ಎಲ್ಲಿದೆ ಅಂತ ಆಫೀಸಿಗೆ ತಾನೇ ಹೇಳ್ತಾ ಇರೋ ಡಬ್ಬಿ ಒಂದು ಅದರಲ್ಲಿದೆಯಂತೆ, ಅದನ್ನ ಆರಿಸೋದು ಅವನ ಕೈಯಲ್ಲಿಲ್ಲ, ನೀವೇನು ಹೇಳ್ತೀರಿ. ಏನು ಹೇಳುವುದು, ತಂತಿ ಹೊಸೆದಿದೆ, ಸುರುಳಿ ಸುತ್ತಿದೆ, ನೂರಕ್ಕೆ ತೊಂಬತ್ತೊಂಬತ್ತು ಏನೂ ಆಗುವುದಿಲ್ಲ, ಎಷ್ಟು ಜೀಪುಗಳು ಎಷ್ಟು ಬಾವಿಗಳ ಪಕ್ಕ ನಿಂತು ಏನೂ ಆಗದೆ ಹೋಗಿಲ್ಲ, ಉಳಿದ ಆ ಒಂದು ಅವಳ ಮನೆಯ ಜಗಲಿಯಲ್ಲಿ ಎರಡು ಬೆರಳಿಲ್ಲದೆ ಕೂತಿದೆ. ಮೊದಲು ಸಿಡಿಸಿ ದಾರಿ ಬಿಡೋಣವೆಂದರೆ ತಂತಿ ಕೂಡಿಸಿ, ಪರೀಕ್ಷಿಸಿ, ಸಿಡಿಸಿ, ಹೊಗೆ ಆರುವವರೆಗೆ ಕಾದು, ರಸ್ತೆಗೆ ಬಿದ್ದ ಕಲ್ಲು ತೆಗೆಯುವಷ್ಟರಲ್ಲಿ ಹೆರಿಗೆ ಗಾಡಿಯಲ್ಲೇ, ಹಿಂದಕ್ಕೆ ಹೋಗಿ ಸುತ್ತಿ ಬರುತ್ತಾರೆಂದರೆ ಅದಕ್ಕೂ ಅಷ್ಟೇ ಹೊತ್ತು. ಬಾವುಟದ ಕಡೆಯಿಂದ ಒಂದು ಹೆಂಗಸಿನ ದನಿ ಗಾಳಿ ಸೀಳಿಕೊಂಡು ಬಂತು, ನಿನ್ನೊಟ್ಟೇಲಿ ಒಂದುಟ್ಟಿದ್ರೆ ಗೊತ್ತಾಯ್ತಿತ್ತು ಕಣವ್ವ, ಅದು ಮೀನಾಳ ತಾಯಿ ಪುಟ್ಟಬಸಮ್ಮನಂತೆ, ಮಾಲಿನಿಯ ಹೊಟ್ಟೆಯಲ್ಲಿ ಹುಟ್ಟಿದ್ದು ಆರನೇ ಕ್ಲಾಸಿನಲ್ಲಿ ಓದುತ್ತಿದೆ, ದೀಪಶ್ರೀ, ಇದೇ ಆಸ್ಪತ್ರೆಯಲ್ಲೇ ಹುಟ್ಟಿದ್ದು, ಗೊತ್ತಿದೆ ತಾಯಿ, ಗೊತ್ತಿರುವುದರಿಂದಲೇ ಬಿಡುತ್ತಿಲ್ಲ. ಗಾಡಿ ಬ್ಯಾಡ ಸಾ ಅಂದಳು. ಶಾಂತಮೂರ್ತಿಯವರು ಬಂಡೆಯ ಆಚೆ, ನೀರಾವರಿ ಕಾಲುವೆಯ ಏರಿಯವರೆಗೂ ಹಬ್ಬಿದ್ದ ಹಿಪ್ಪುನೇರಳೆ ತೋಟವನ್ನು ನೋಡುತ್ತಿದ್ದರು, ಗಾಡಿ ತಾನೇ ಬರಬಾರದು, ಮನುಷ್ಯರು ಬರಬಹುದಲ್ಲ ಮೇಡಂ, ಸ್ಟ್ರೆಚರ್ ಹೊತ್ತು ಆ ಏರಿ ಪಕ್ಕದಲ್ಲೇ ದೂರದಿಂದ ದಾಟಿಸಿದರೆ, ಆ ಕಡೆ ಬಾವುಟದ ಹತ್ರ ಆಸ್ಪತ್ರೆಯವರ ಗಾಡಿ ಕರೆಸ್ತೀನಿ, ಹೇಗೆ. ಹೇಗೆ ಏನು, ಇದೊಂದು ಮಾತು ತನಗೆ ಯಾಕೆ ಹೊಳೆಯಲಿಲ್ಲ, ಅವಳು ಏರಿಯವರೆಗಿನ ದೂರವನ್ನು ಕಣ್ಣಲ್ಲೇ ಅಳೆದಳು, ನಡುವೆ ಮಣ್ಣಿನ ದಿಬ್ಬ ಅಡ್ಡ ಇದೆ, ಅದರ ಮರೆಯಲ್ಲೇ ಹೋಗಬಹುದು, ಆಗ್ಬೌದು ಸಾ, ಒತ್ತೋರ ಜೇಬೆಲ್ಲ ನೋಡಿ ಕಳ್ಸಿ ಸಾ.

ಅವಳು ಹೋಗುವಂತಿಲ್ಲ. ಮದ್ದು ತುಂಬಿದ ಕುಳಿ ಬಿಟ್ಟು ಕದಲುವಂತಿಲ್ಲ, ಅದು ಅವಳ ಕೆಲಸದ ಮೊದಲ ಮಾತು, ಊರೆಲ್ಲ ಓಡಾಡುವಾಗ ನಿಂತೇ ಇರುವುದು, ಅಪ್ಪ ಹೇಳುತ್ತಿದ್ದ, ಮದ್ದು ತುಂಬುದ್ಮೇಲೆ ನೀನು ಕಲ್ಲು ಕಣವ್ವ, ಅಂಗಿರ್ಬೇಕು. ದೂರದಲ್ಲಿ ಆಂಬುಲೆನ್ಸ್‌ನ ಬಾಗಿಲು ತೆರೆಯಿತು, ಪೈಪು ಎಳೆಯುತ್ತಿದ್ದವರು ಮೂರು ಜನ ಹೆಗಲು ಕೊಟ್ಟರು, ನಾಲ್ಕನೆಯವನು ಶಿವರಾಜನೇ ಇರಬೇಕು, ಬರಿಗಾಲು, ತೋಟದ ಬೇಲಿಯ ಹತ್ತಿರ ನಿಂತರು, ಅಯ್ಯೋ ಬೇಲಿ, ಅದನ್ನು ಯಾರೂ ಯೋಚಿಸಲಿಲ್ಲವಲ್ಲ, ಕಳ್ಳಿಯೂ ಮುಳ್ಳುತಂತಿಯೂ ಸೇರಿದ ಬೇಲಿ, ತೋಟದ ಗುರುಸಿದ್ದಯ್ಯ ಎಂಥವನು ಅಂದರೆ ಒಂದು ಎಲೆ ಹರಿದರೂ ಪಂಚಾಯಿತಿ ಕೂಡಿಸುವವನು, ಪೈಪಿನ ಕಾಲುವೆ ತನ್ನ ಬದುವಿಗೆ ತಗುಲಿತೆಂದು ಮೊನ್ನೆಯಷ್ಟೇ ಜಗಳ ಆಡಿದ್ದಾನೆ, ಅವನೇ ಅಲ್ಲಿ ನಿಂತಿದ್ದಾನೆ, ತಲೆಗೆ ಟವೆಲು, ಕೈಯಲ್ಲಿ ಮಚ್ಚು — ಮಚ್ಚು ಎತ್ತಿದ, ಬೇಲಿಯ ಗೂಟದ ಕಟ್ಟು ಕಡಿದ, ಎರಡನೆಯದನ್ನೂ ಕಡಿದ, ಬೇಲಿಯನ್ನು ಕಾಲಿನಿಂದ ತುಳಿದು ಹಿಡಿದು ಕೈ ಬೀಸಿದ, ಬನ್ನಿ, ಬನ್ನಿ. ಸೊಪ್ಪು ಕೊಯ್ಲಿಗೆ ಬಂದ ತೋಟ, ಆಳೆತ್ತರಕ್ಕೆ ನಿಂತಿದೆ, ಒಳಗೆ ಹೊಕ್ಕಮೇಲೆ ಹೊತ್ತವರು ಕಾಣಲಿಲ್ಲ, ಕಂಡದ್ದು ಸ್ಟ್ರೆಚರಿಗೆ ಹೊದಿಸಿದ ಬಿಳಿಯ ಬಟ್ಟೆ ಒಂದೇ, ಹಸಿರಿನ ಮೇಲೆ ಅಷ್ಟೇ ಅಷ್ಟು ಬಿಳಿ, ತೇಲುತ್ತ, ತುಸು ಬಾಗುತ್ತ, ಮತ್ತೆ ನೆಟ್ಟಗಾಗುತ್ತ ಹೋಗುತ್ತಿತ್ತು, ಕಾಲಿಲ್ಲದೆ ದನಿಯಿಲ್ಲದೆ. ನಡುತೋಟದಲ್ಲಿ ಅದು ನಿಂತಿತು. ಯಾಕೆ ನಿಂತಿತು, ಮುಂದಕ್ಕಿಲ್ಲ ಹಿಂದಕ್ಕಿಲ್ಲ, ಯಾರಾದರೂ ಎಡವಿದರೇ, ಅಲ್ಲೇ ಆಗಿಹೋಯಿತೇ, ಕೆಟ್ಟದ್ದೇನಾದರೂ — ಬಂಡೆಯ ಬಿಸಿ ಅಂಗಾಲಿನಿಂದ ಮೇಲಕ್ಕೆ ಹತ್ತುತ್ತಿದೆ, ಎಷ್ಟು ಹೊತ್ತು ಅದು, ಒಂದು ಕೊಕ್ಕರೆ ತೋಟದ ಮೇಲೆ ಹಾರಿ ಬಂದು ಬೆದರಿ ಪಕ್ಕಕ್ಕೆ ತಿರುಗಿತು, ತಾನೇ ಬೇಡವೆಂದದ್ದು, ತಾನು ಗಾಡಿ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಮೀನಾ ಆಸ್ಪತ್ರೆಯ ಹಾಸಿಗೆಯ ಮೇಲಿರುತ್ತಿದ್ದಳು, ಏನೂ ಆಗುತ್ತಿರಲಿಲ್ಲ, ತೊಂಬತ್ತೊಂಬತ್ತು — ಆಗ ಆ ಬಿಳಿಯೊಳಗಿನಿಂದ ಒಂದು ಕೈ ಎದ್ದಿತು. ಕಪ್ಪು ಸಣಕಲ ಕೈ, ಹಸಿರು ಬಳೆ, ಆಕಾಶದ ಕಡೆಗೆ ನೆಟ್ಟಗೆ ಎದ್ದು ಗಾಳಿಯಲ್ಲಿ ಏನನ್ನೋ ಹಿಡಿದುಕೊಳ್ಳುವಂತೆ ಮುಷ್ಟಿ ಕಟ್ಟಿತು, ಬಿಚ್ಚಿತು, ಬೆರಳುಗಳು ಮುಂದಕ್ಕೆ ಬೀಸಿದವು, ನಡೀರಿ ಅನ್ನುವ ಹಾಗೆ, ಬಿಳಿ ಚಲಿಸಿತು.

ಆ ಕಡೆಯಿಂದ ಮೂರು ಸೀಟಿ ಬಂತು, ದಾಟಿದೆವು ಅಂತ. ಇನ್ನು ಕೆಲಸ. ಅವಸರದ ಕೈಯಲ್ಲಿ ಮುಟ್ಟಬಾರದು, ಕೂತಳು, ನೀರು ಕುಡಿದಳು. ಶಾಂತಮೂರ್ತಿಯವರು ದೂರದಿಂದಲೇ ಕೂಗಿ ಹೇಳಿದರು, ಅವಸರ ಇಲ್ಲ ಮೇಡಂ, ಆಂಬುಲೆನ್ಸನ್ನ ಹಿಂದಕ್ಕೆ ಕಳಿಸಿದ್ದೀನಿ, ಬಾವುಟದ ಆಚೆ ನಿಂತಿರೋ ಬಸ್ಸಿನವರಿಗೆ ಇಳಿದು ಟೀ ಕುಡೀರಿ ಅಂದಿದ್ದೀನಿ, ಒಳ್ಳೆಯ ಮನುಷ್ಯ. ಮುಂದಿನ ವರ್ಷದಿಂದ ಈ ತಂತಿಯ ಕೇಪುಗಳೇ ಇರುವುದಿಲ್ಲವಂತೆ, ಗಾಳಿಯ ಕರೆಂಟಿಗೆ ಜಗ್ಗದ ಬೇರೆ ಜಾತಿಯವು ಬರುತ್ತವಂತೆ, ಬಂದರೆ ಒಳ್ಳೆಯದೇ, ಕಲಿತರಾಯಿತು, ಈ ಹೊಸೆಯುವುದು ಬಿಚ್ಚುವುದು ಎಲ್ಲ ದೀಪಶ್ರೀಯ ಕಾಲಕ್ಕೆ ಅಜ್ಜಿ ಕಥೆ. ಆದರೆ ಇವತ್ತು ಇದೇ ಇರುವುದು, ಒಂದು ಜೋಡಿ ಬಿಚ್ಚಿ, ಪಕ್ಕದ್ದರೊಡನೆ ಕೂಡಿಸಿ, ಮತ್ತೊಂದು ಬಿಚ್ಚಿ, ಬೆರಳಿಗೆ ಅಪ್ಪನ ಬೆರಳುಗಳ ನೆನಪು, ಹತ್ತೂ ಬೆರಳಿನ ಕಾಲದ ಅಪ್ಪನನ್ನು ಅವಳು ಕಂಡೇ ಇಲ್ಲ, ಕೂಡಿಸಿದಮೇಲೆ ಉದ್ದ ತಂತಿಯ ತುದಿಯನ್ನೂ ಹೊಸೆದು, ಅದನ್ನು ಹಿಡಿದು ಮರೆಗೆ ಹೋಗಿ, ಸೈರನ್ ಕೂಗಿಸಿ, ಎರಡೂ ಬಾವುಟ ಎದ್ದದ್ದು ನೋಡಿ, ಕೊನೆಯ ಹೊಸೆತ ಬಿಚ್ಚಿ ಪೆಟ್ಟಿಗೆಗೆ ತಗುಲಿಸಿ, ಸೆರಗಿನ ಗಂಟು ಬಿಚ್ಚಿ, ಕೀಲಿಕೈ. ಭೂಮಿ ಒಮ್ಮೆ ಎದೆಗೆ ಗುದ್ದಿತು. ಕಲ್ಲು ಮೇಲಕ್ಕೆ ಹಾರಲಿಲ್ಲ, ಅಂದುಕೊಂಡ ಹಾಗೆ ಮಗ್ಗುಲಾಗಿ ಬಿತ್ತು, ಧೂಳು ತೋಟದ ಕಡೆ ಹೋಗದೆ ರಸ್ತೆಯ ಕಡೆ ಹೋಯಿತು, ಗುರುಸಿದ್ದಯ್ಯ ನಾಳೆ ಸೊಪ್ಪಿನ ಮೇಲೆ ಧೂಳೆಂದು ಜಗಳಕ್ಕೆ ಬರುವಂತಿಲ್ಲ, ಬಂದರೂ ಬರಲಿ. ಹೊಗೆ ಆರಿದಮೇಲೆ ಒಬ್ಬಳೇ ಹೋಗಿ ಒಂದೊಂದು ಕುಳಿಯನ್ನೂ ನೋಡಿದಳು, ಸಿಡಿಯದೆ ಉಳಿದದ್ದು ಇಲ್ಲ, ಬಂಡೆ ಇದ್ದಲ್ಲಿ ಒಂದು ದಾರಿ, ಪೈಪು ಮಲಗುವಷ್ಟು.

ಪುಟ್ಟಬಸಮ್ಮ ಬಂದದ್ದು ಕಲ್ಲು ತೆಗೆಯುವ ಹೊತ್ತಿಗೆ, ಆಸ್ಪತ್ರೆಯಿಂದ ನಡೆದೇ ಬಂದಿದ್ದಳು, ಬೈಯುವುದಕ್ಕೇ ಬಂದಳೆಂದು ಮಾರಯ್ಯ ಅಡ್ಡ ಹೋದ, ಅವನನ್ನು ಪಕ್ಕಕ್ಕೆ ಸರಿಸಿ ಬಂದು ಮಾಲಿನಿಯ ಮುಂದೆ ನಿಂತಳು. ಎಣ್ಣು ಕೂಸು ಕಣವ್ವ. ಇಬ್ರೂ ಚಂದಾಗವ್ರೆ. ಒಳಕ್ಕೋದ ಗಳಿಗೆಗೇ ಆಯ್ತು, ಆಮೇಲೆ ನಿನ್ ಗುಂಡು ಸದ್ದು ಬಂತಲ್ಲ, ಕೂಸು ಒಂದ್ಸಲ ಬೆಚ್ಚಿ ಕಣ್ಬುಡ್ತು, ನಮ್ಮೀನಾ ಏನವ್ವ ಅದು ಅಂದ್ಲು, ನಮ್ಮಳಿಯ ಅಂದ, ನೀರು ಬರ್ತಾ ಅದೆ ಮಲಕ್ಕ. ಅಂದು ಮಾಲಿನಿಯ ಧೂಳು ಮೆತ್ತಿದ ಕೈಯನ್ನು ಎತ್ತಿ ತನ್ನ ಕಣ್ಣಿಗೊತ್ತಿಕೊಂಡಳು, ನಾನಂದದ್ದು ಮನ್ಸಿಗಾಕಬ್ಯಾಡ, ಬಾಣ್ತಿ ಮಗೀನ ನೋಡಕ್ ಬಾ, ಬರೋವಾಗ ನಿನ್ ಮಗ್ಳನ್ನೂ ಕರ್ಕಂಡ್ಬಾ. ಬತ್ತೀನಿ ಅವ್ವ, ಅಪ್ಪನ್ನೂ ಕರ್ಕಂಡ್ಬತ್ತೀನಿ — ಅಪ್ಪ ಯಾಕೆ ಬಾಯಿಗೆ ಬಂದ, ಬರಲಿ, ಎರಡೂ ಕೈ ಚಾಚಿ ಕೂಸನ್ನು ಎತ್ತಿಕೊಳ್ಳಲಿ, ಮೂರು ಬೆರಳಿನ ಕೈಯಲ್ಲಿ ಕೂಸಿನ ತಲೆ ಚೆನ್ನಾಗಿಯೇ ಕೂರುತ್ತದೆ, ದೀಪಶ್ರೀಯ ತಲೆ ಕೂತಿರಲಿಲ್ಲವೇ. ಬಸ್ಸು ಹೊರಟಿತು, ಕಿಟಕಿಗಳಲ್ಲಿ ಜನ ಬಗ್ಗಿ ಬಗ್ಗಿ ಬಂಡೆ ಇದ್ದ ಜಾಗ ನೋಡಿದರು, ಟ್ರಂಕಿನ ಹತ್ತಿರ ಎಲ್ಲರೂ ತಮ್ಮ ತಮ್ಮ ಫೋನಿಗೆ ಮುತ್ತಿದ್ದಾರೆ, ಒಂದರ ಮೇಲೊಂದು ಹಾಡುತ್ತಿವೆ, ಗಾಳಿ ತುಂಬ ಮಾತು ಈಗ, ಇರಲಿ, ಸಂಜೆ ಮನೆಗೆ ಹೋದಮೇಲೆ ಅಪ್ಪನ ಬಲಗಿವಿಗೆ ಹೇಳಬೇಕು, ಯಾವುದರಿಂದ ಶುರು ಮಾಡುವುದು, ಫೋನಿನಿಂದಲೋ ಬೇಲಿಯಿಂದಲೋ, ನಾಳೆ ಪೈಪಿನವರು ಇಲ್ಲಿಗೂ ಪೈಪು ಎಳೆಯುತ್ತಾರೆ, ನಾಡಿದ್ದು ನಲ್ಲಿ, ಮಾರಯ್ಯ ಟೀ ತಂದು ಕೈಗಿಟ್ಟ, ಬಿಸಿ ಇತ್ತು, ಹಾಗೇ ಹಿಡಿದುಕೊಂಡಳು, ಕುಡಿಯುವುದು ಮರೆಯಿತು, ಕಣ್ಣು ಮತ್ತೆ ತೋಟದ ಕಡೆಗೇ ಹೋಯಿತು, ತೋಟದಲ್ಲಿ ಈಗ ಯಾರೂ ಇಲ್ಲ, ಬಾಗಿದ ಗಿಡಗಳು ಒಂದೊಂದೇ ಎದ್ದು ನಿಲ್ಲುತ್ತಿವೆ, ಆದರೂ ಅಲ್ಲಿ, ನಡುತೋಟದಲ್ಲಿ, ಹಸಿರಿನ ಮೇಲೆ ಅಷ್ಟೇ ಅಷ್ಟು ಬಿಳಿ, ಬಿಳಿಯೊಳಗಿನಿಂದ ಎದ್ದ ಒಂದು ಸಣಕಲ ಕೈ, ಬೆರಳು ಬಿಚ್ಚಿ, ಮುಂದಕ್ಕೆ, ಮುಂದಕ್ಕೆ —